ಅಡಕತ್ತರಿಯಲ್ಲಿ ಕತ್ತರಿಸಿದ ಮಾತ್ರೆ

ಔಷಧಿ ಅಂಗಡಿಯಲ್ಲಿ ನಿಲ್ಲುವವನ ಕೈ ಚುರುಕಾಗಿರಬೇಕು, ಬಾಯಿ ಮುಚ್ಚಿರಬೇಕು ಎಂದು ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಹೇಳಿಕೊಟ್ಟಿದ್ದರು. ಮೊದಲನೆಯದನ್ನು ಕಲಿತೆ. ಎರಡನೆಯದನ್ನು ಕಲಿಯಲಿಲ್ಲ, ಅದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಬಾಯಿ ಮುಚ್ಚಿಕೊಂಡಿದ್ದ ಕೆಲವೇ ತಿಂಗಳುಗಳ ಬಗ್ಗೆ ಮಾತ್ರ ಇದೆ. ಈಗ ಬಿಳಿ ಕೋಟು ತೊಟ್ಟು ಈ ಕೆಲಸಕ್ಕೆ ಬರುತ್ತಿರುವವರಿಗೆ ನಾನು ಹೇಳಬೇಕಾದದ್ದು ಆ ತಿಂಗಳುಗಳ ಸಂಗತಿಯನ್ನೇ. ಗಂಡಸರು ಕೂದಲು ಉದುರಬಾರದೆಂದು ನುಂಗುವ ಒಂದು ಸಣ್ಣ ಮಾತ್ರೆಯಿಂದ, ಅದನ್ನು ಮಾರಿದ ನನ್ನ ಜಂಭದಿಂದ, ಯಗಟಿ ಕಡೆಯ ಒಂದು ಮದುವೆ ನಾಲ್ಕೇ ತಿಂಗಳಲ್ಲಿ ಮುರಿದು ಬೀಳುವುದರಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಬರೆಯಿರಿ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬದಲಾಯಿಸಿದ್ದೇನೆ.

ನಾನು ಕಾಲೇಜಿನ ಬಾಗಿಲಿನಿಂದ ಈ ಕೆಲಸಕ್ಕೆ ಬಂದವನಲ್ಲ. ತರೀಕೆರೆಯಲ್ಲಿ ಒಬ್ಬ ಹಿರಿಯ ಡಾಕ್ಟರ ಬಳಿ ಕಾಂಪೌಂಡರ್ ಆಗಿ ಸೇರಿದೆ. ಆಗ ಮಿಕ್ಸ್ಚರುಗಳನ್ನು ನಾವೇ ಕಲಸುತ್ತಿದ್ದೆವು. ತುಂಬಿದ ಸೀಸೆಯ ಪಕ್ಕಕ್ಕೆ ಕಾಗದದ ಪಟ್ಟಿಯೊಂದನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದೆವು. ಒಂದು ಹಲ್ಲೆಂದರೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದ ಮುದುಕಿಯೂ ಆ ಹಲ್ಲುಗಳನ್ನು ನೋಡಿಕೊಂಡು ತಪ್ಪಿಲ್ಲದೆ ಕುಡಿಯುತ್ತಿದ್ದಳು. ಡಾಕ್ಟರು ಬಹಳ ಕೋಪಿಷ್ಠರು. ಆದರೆ ಖಾಲಿ ಸೀಸೆ ಹಿಡಿದು ಮರಳಿ ಬಂದವರನ್ನು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ವಾಸಿಯಾಯಿತೇ ಎಂಬುದಾಗಿರಲಿಲ್ಲ. "ಕುಡಿದ ಮೇಲೆ ಏನೇನಾಯ್ತು, ಅದನ್ನ ಹೇಳು" ಎನ್ನುತ್ತಿದ್ದರು. ಒಮ್ಮೆ ಹೆಂಗಸೊಬ್ಬಳು ಉತ್ತರಕ್ಕೆ ತಡವರಿಸಿದಾಗ, ಬಾಗಿಲಲ್ಲಿ ಜನ ಕಾಯುತ್ತಿದ್ದುದರಿಂದ, ನಾನೇ "ಏನೂ ಆಗಿಲ್ವಂತೆ ಸಾರ್" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅವಳ ಹೊಟ್ಟೆ ನಿನ್ನ ಹತ್ರ ಇದೆಯೇನಯ್ಯ?"

ಈ ವೃತ್ತಿಯಲ್ಲಿ ನನಗೆ ದೊರೆತ ಶಿಕ್ಷಣವೆಲ್ಲ ಆ ಒಂದು ಮಾತಿನಲ್ಲಿತ್ತು. ಉಳಿದದ್ದನ್ನು ಅವರ ಕಪಾಟಿನ ಇಂಗ್ಲಿಷ್ ಪುಸ್ತಕಗಳನ್ನು ನಿಘಂಟಿನ ಸಹಾಯದಿಂದ ಓದಿ ತಿಳಿದುಕೊಂಡೆ. ತಡವಾಗಿಯಾದರೂ ಪರೀಕ್ಷೆ ಕಟ್ಟಿ ಡಿಪ್ಲೊಮಾ ಪಡೆದೆ. ಬಳಿಕ ಕಡೂರಿನ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯೊಂದಕ್ಕೆ ಬಂದು, ಅಲ್ಲೇ ತಲೆ ನರೆಯುವವರೆಗೂ ನಿಂತೆ. ಅಂಗಡಿ ಮಾಲೀಕರದು, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಪ್ರಮಾಣಪತ್ರ ನನ್ನದು. ಅದಿಲ್ಲದೆ ಕಾನೂನಿನ ಪ್ರಕಾರ ಆ ಅಂಗಡಿಯ ಬಾಗಿಲು ತೆರೆಯುವಂತಿರಲಿಲ್ಲ.

ಕೂದಲಿಗೆಂದು ಮೊದಮೊದಲು ಬಂದದ್ದು ತಲೆಗೆ ಹಚ್ಚುವ ನೀರಿನಂಥ ಔಷಧಿ. ಅದೇ ಔಷಧಿಯನ್ನು ಮಾತ್ರೆಯ ರೂಪದಲ್ಲಿ ಬರೆಯುವ ಚೀಟಿಗಳು ಆಮೇಲೆ ಬಂದವು. ನಾನು ಹಳೆಯ ಪುಸ್ತಕ ತೆಗೆದು ನೋಡಿದೆ. ಆ ಮಾತ್ರೆ ಹುಟ್ಟಿದ್ದು ರಕ್ತದೊತ್ತಡ ಇಳಿಸುವುದಕ್ಕೆ. ಮೈಮೇಲೆ ಕೂದಲು ಬೆಳೆಯುವುದು ಅದರ ಅಡ್ಡಪರಿಣಾಮವಾಗಿತ್ತು. ಅಡ್ಡಪರಿಣಾಮವನ್ನೇ ಪರಿಣಾಮವೆಂದು ಕೊಟ್ಟಾಗ, ಹಿಂದಿನ ಪರಿಣಾಮವು ಅಡ್ಡಪರಿಣಾಮವಾಗಿ ಒಳಗೆ ಕಾದು ಕುಳಿತಿರುತ್ತದೆ. ಪ್ರಮಾಣ ಬಹಳ ಕಡಿಮೆ, ಏನೂ ಆಗುವುದಿಲ್ಲ ಎಂದು ಕಂಪನಿಯ ಪ್ರತಿನಿಧಿ ನಗುತ್ತಾ ಹೇಳಿದ. ಅಜ್ಜಂಪುರ ಮಾರ್ಗದ ಬಸ್ ಕಂಡಕ್ಟರೊಬ್ಬರು ಪಾದ ಊದಿಸಿಕೊಂಡು ಬಂದಾಗ ಆ ನಗು ನನಗೆ ನೆನಪಾಯಿತು. ದಿನವಿಡೀ ಬಸ್ಸಿನಲ್ಲಿ ನಿಂತು ಹೀಗಾಗಿದೆ ಎಂದು ಅವರೂ, ಅವರನ್ನು ನೋಡಿದವರೂ ನಂಬಿದ್ದರು. ಹೊಸದಾಗಿ ಏನಾದರೂ ನುಂಗುತ್ತಿದ್ದೀರಾ ಎಂದು ನಾನು ಕೇಳಿದೆ.

"ಏನೂ ಇಲ್ಲ ಕಣ್ರೀ. ಕೂದ್ಲಿಗೊಂದು ತಗತೀನಿ, ಅಷ್ಟೇಯ."

ಬರೆದುಕೊಟ್ಟ ಡಾಕ್ಟರ ಬಳಿಗೇ ಅವರನ್ನು ಕಳಿಸಿದೆ. ಮಾತ್ರೆ ನಿಂತಿತು, ಊತ ಇಳಿಯಿತು. ಆ ಡಾಕ್ಟರು ಒಳ್ಳೆಯವರು, ತಾವೇ ಫೋನ್ ಮಾಡಿ ಹೇಳಿದರು. ಅಂದು ನಾನು ಕಲಿತದ್ದು ಔಷಧಿಯ ಗುಣವನ್ನಲ್ಲ, ಜನರ ಗುಣವನ್ನು. ನಮ್ಮ ಕಡೆ ಕೂದಲಿನ ಮಾತ್ರೆಯನ್ನು ಯಾರೂ ಔಷಧಿಯೆಂದು ಎಣಿಸುವುದಿಲ್ಲ. ಅದು ಬಾಚಣಿಗೆ, ಪೌಡರುಗಳ ಸಾಲಿಗೆ ಸೇರಿದ ವಸ್ತು. ಇಷ್ಟು ಕಲಿತ ಮೇಲೂ ಓಂಕಾರಿಯ ವಿಷಯದಲ್ಲಿ ನಾನು ಎಡವಿದೆ.

ಓಂಕಾರಿ ಯಗಟಿಯ ಹತ್ತಿರದವನು. ಮೂವತ್ತಮೂರು ವರ್ಷ. ತೆಂಗಿನ ತೋಟ, ರಾಗಿ ಹೊಲ, ನಲವತ್ತು ಕುರಿ, ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆಯೆಂದರೆ ನೆತ್ತಿಯ ಮೇಲಿನ ಕೂದಲು ಮಾತ್ರ. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಉಪ್ಪಿಟ್ಟು ತಿಂದು ತಿಂದು ಅದರ ವಾಸನೆಯೇ ಆಗದಂತಾಗಿದೆ ಎಂದು ಅವನೇ ಹಾಸ್ಯ ಮಾಡುತ್ತಿದ್ದ. ಕೊನೆಗೆ ಜಿಲ್ಲಾ ಕೇಂದ್ರದ ಚರ್ಮದ ಡಾಕ್ಟರೊಬ್ಬರ ಚೀಟಿ ಹಿಡಿದು ಬಂದ. ಕಂಡಕ್ಟರು ನುಂಗಿದ ರಕ್ತದೊತ್ತಡದ ಮಾತ್ರೆಯಲ್ಲ ಇದು, ಕೂದಲಿಗೆ ಕೊಡುವ ಬೇರೆಯೇ ಮಾತ್ರೆ. ದಿನಕ್ಕೊಂದು, ಒಂದು ಮಿಲಿಗ್ರಾಮ್, ಮೂರು ತಿಂಗಳ ಬಳಿಕ ಮತ್ತೆ ಬಂದು ತೋರಿಸುವುದು. ಕೊಟ್ಟೆ.

ಅವನ ತಂದೆ ಸಿದ್ದರಾಮಣ್ಣನವರಿಗೆ ಮೂತ್ರದ ತೊಂದರೆಯಿತ್ತು. ವಯಸ್ಸಾದ ಗಂಡಸರಲ್ಲಿ ಊದಿಕೊಳ್ಳುವ ಗ್ರಂಥಿಗೆಂದು ಅವರ ಮಾತ್ರೆಯೂ ನಮ್ಮಲ್ಲಿಯೇ ಹೋಗುತ್ತಿತ್ತು. ಒಂದು ದಿನ ಓಂಕಾರಿ ಎರಡೂ ಪಟ್ಟಿಗಳನ್ನು ಕೈಯಲ್ಲಿ ಹಿಡಿದು, ಹಿಂದಿನ ಸಣ್ಣ ಅಕ್ಷರವನ್ನು ಓದಿ ಕೇಳಿದ:

"ಕಾಂಪೌಂಡ್ರಣ್ಣ, ಇದ್ರಲ್ಲೂ ಅದೇ ಹೆಸ್ರಿದೆ, ಅದ್ರಲ್ಲೂ ಅದೇ ಇದೆ. ಒಂದೇ ಏನು?"

ಇಲ್ಲಿ ನನ್ನ ಜಂಭ ಬಾಯಿ ತೆರೆಯಿತು. ಯಾರೂ ಹೇಳಿಕೊಡದೆ ತಾನೇ ಕಲಿತವನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಹಬ್ಬ. "ಒಂದೇ ಕಣಪ್ಪಾ. ನಿಂದು ಒಂದು ಎಂಜಿ, ನಿಮ್ಮಪ್ಪಂದು ಐದು. ಅವರದೊಂದು ನಿಂದು ಐದಕ್ಕೆ ಸಮ" ಎಂದು ವಿವರಿಸಿದೆ. ಹೇಳಿದ್ದು ಸತ್ಯ. ಆದರೆ, ಐದರಷ್ಟು ನುಂಗಿದರೆ ಐದರಷ್ಟು ಕೂದಲು ಬರುವುದಿಲ್ಲ, ತಂದೆಯದನ್ನು ನೀನು ಮುಟ್ಟಬೇಡ ಎಂಬ ಉಳಿದರ್ಧ ಸತ್ಯವನ್ನು ಹೇಳಲಿಲ್ಲ. ಪಕ್ಕದಲ್ಲಿ ಗಿರಾಕಿಗಳಿದ್ದರು.

ಅನಂತರ ಓಂಕಾರಿ ತನ್ನ ಮಾತ್ರೆ ಕೊಳ್ಳುವುದನ್ನು ನಿಲ್ಲಿಸಿದ. ಬುಕ್ಕಾಂಬುಧಿಯ ಹೆಣ್ಣೊಂದು ಒಪ್ಪಿತು, ಮದುವೆಯಾಯಿತು. ಕೆಲಸ ಮುಗಿಯಿತು, ಹಾಗಾಗಿ ಬಿಟ್ಟಿದ್ದಾನೆ ಎಂದುಕೊಂಡೆ. ಅದೇ ಹೊತ್ತಿಗೆ, ತಿಂಗಳಿಗೆ ಮೂರು ಪಟ್ಟಿ ಹೋಗುತ್ತಿದ್ದ ಸಿದ್ದರಾಮಣ್ಣನವರ ಮಾತ್ರೆ ಆರು ಪಟ್ಟಿಯಾಯಿತು. ನನ್ನ ಕೈಯಿಂದಲೇ ಹೋಯಿತು. ಒಮ್ಮೆಯೂ ಕೇಳಲಿಲ್ಲ. ಹೊಸಬರೇ, ಇದನ್ನು ಗಮನವಿಟ್ಟು ಓದಿ. ಯಾರೋ ನಿಮ್ಮ ಕಣ್ಣಿಗೆ ಮಣ್ಣೆರಚಿದ ಕಥೆ ಇದಲ್ಲ. ಕಣ್ಣೆದುರಿಗೆ ಕಾಣುತ್ತಿದ್ದುದನ್ನು ಕಾಣದೆ ಬಿಟ್ಟವನ ಕಥೆ.

ಮದುವೆಯಾದ ನಾಲ್ಕನೆಯ ತಿಂಗಳಲ್ಲಿ ಓಂಕಾರಿ ಒಂದು ಮಧ್ಯಾಹ್ನ ಬಂದ. ತಲೆಗೆ ಟೋಪಿ, ಮುಖದಲ್ಲಿ ಕಳೆಯಿಲ್ಲ. ಬೇರೆ ಗಿರಾಕಿಗಳು ಇಳಿದು ಹೋಗುವವರೆಗೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ.

"ಅಣ್ಣ, ಆ ಮಾತ್ರೆ ಒಂದು ಕೊಡಿ. ಅದೇ... ಗಂಡಸ್ರುದ್ದು."

"ಡಾಕ್ಟರ ಚೀಟಿ ಎಲ್ಲಪ್ಪಾ?"

"ಚೀಟಿ ಎಲ್ಲಿಂದ ತರ್ಲಿ? ಯಾರ ಹತ್ರ ಹೋಗಿ ಹೇಳ್ಕಳ್ಳಿ?"

ಅವನನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿದೆ. ಕಾಫಿ ಆರುತ್ತಿದ್ದರೂ ಮುಟ್ಟದೆ ಎಲ್ಲವನ್ನೂ ಹೇಳಿದ. ಮದುವೆಯಾದಂದಿನಿಂದ ಹೆಂಡತಿಯ ಹತ್ತಿರ ಹೋಗಲು ಮನಸ್ಸೇ ಬರುವುದಿಲ್ಲ, ಹೋದರೂ ದೇಹ ಮಾತು ಕೇಳುವುದಿಲ್ಲ. ತೋಟಕ್ಕೆ ಹೋದರೆ ಮರದ ಬುಡದಲ್ಲಿ ಸುಮ್ಮನೆ ಕುಳಿತುಬಿಡುತ್ತಾನೆ. ಹೆಂಡತಿ ಸವಿತಾ ತವರಿಗೆ ಹೋಗಿ ಇಪ್ಪತ್ತು ದಿನವಾಗಿದೆ. ಬರುವ ಸೋಮವಾರ ಬುಕ್ಕಾಂಬುಧಿಯಲ್ಲಿ ಹಿರಿಯರು ಕೂರುತ್ತಾರೆ. ಬಿಡುಗಡೆ ಮಾಡಿಸಿಕೊಳ್ಳುವುದೆಂದು ಅವಳ ಮನೆಯವರು ತೀರ್ಮಾನಿಸಿದ್ದಾರೆ.

"ಗಂಡ್ಸೇ ಅಲ್ಲ ಅಂತವ್ರೆ ಅಣ್ಣ. ನಮ್ಮವ್ವ ಯಾರೋ ಮಾಟ ಮಾಡ್ಸವ್ರೆ ಅಂತಾಳೆ. ದಾರ ಕಟ್ಸಿದ್ದೂ ಆಯ್ತು, ತಡೆ ಒಡೆಸಿದ್ದೂ ಆಯ್ತು."

ನಾನು ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ. ಏನು ನುಂಗುತ್ತಿದ್ದೀಯ?

"ಏನೂ ಇಲ್ಲ."

"ಕೂದಲಿಂದು?"

ಅವನು ಟೋಪಿ ಸರಿಮಾಡಿಕೊಂಡ. "ಅಪ್ಪಂದ್ರಲ್ಲೇ ತಗತಿದೀನಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಐದಕ್ಕೆ ಸಮ ಅಂತ ನೀವೇ ಹೇಳಿದ್ರಲ್ಲ, ಬೇಗ ಬರ್ಲಿ ಅಂತ..."

ಚರ್ಮದ ಡಾಕ್ಟರಿಗೆ ಫೋನ್ ಮಾಡಿದ್ದನಂತೆ. ಒಂದು ಎಂಜಿಗೆ ಹಾಗಾಗುವುದು ತೀರಾ ಅಪರೂಪ, ಇದು ಹೊಸ ಮದುವೆಯ ಟೆನ್ಷನ್ ಎಂದರಂತೆ. ಐದು ಎಂಜಿ ನುಂಗುತ್ತಿರುವುದನ್ನು ಇವನು ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಹೀಗೆ ಮೂವರು ಸೇರಿ ಒಬ್ಬ ಹೆಣ್ಣುಮಗಳನ್ನು ತವರಿಗೆ ಕಳಿಸಿದ್ದೆವು.

ಆ ಮಾತ್ರೆಯ ಬಗ್ಗೆ ಎರಡು ಬಗೆಯ ಮಾತುಗಳಿವೆ. ಅಡ್ಡಪರಿಣಾಮ ಅಪರೂಪ, ನಿಲ್ಲಿಸಿದರೆ ಹೋಗುತ್ತದೆ ಎಂದು ಕಂಪನಿಯ ಮಾತು. ಒಂದು ಮಾತ್ರೆ ನುಂಗಿದರೂ ಬದುಕೇ ಮುಗಿಯಿತು ಎಂದು ಮೊಬೈಲಿನ ವಿಡಿಯೋಗಳ ಮಾತು. ನಾನು ಎರಡನ್ನೂ ನಂಬುವುದಿಲ್ಲ. ಅಪರೂಪವೆಂಬುದು ಊರಿನ ಲೆಕ್ಕ. ಆದವನಿಗೆ ಅದು ಪೂರ್ತಿಯಾಗಿಯೇ ಆಗಿರುತ್ತದೆ. ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ನುಂಗುತ್ತಾರೆ, ನಾನೇ ಕಂಡಿದ್ದೇನೆ. ಕೆಲವರಿಗೆ ಆಸೆ ಬತ್ತುತ್ತದೆ, ಶಕ್ತಿ ಕುಂದುತ್ತದೆ, ಮನಸ್ಸು ಮಂಕಾಗುತ್ತದೆ. ನಿಲ್ಲಿಸಿದ ಮೇಲೆ ಬಹುಪಾಲು ಮಂದಿ ಸರಿಹೋಗುತ್ತಾರೆ. ನಿಲ್ಲಿಸಿದ ಮೇಲೂ ಹೋಗಲಿಲ್ಲ ಎನ್ನುವ ಕೆಲವರಿದ್ದಾರೆ, ಅವರನ್ನು ಸುಳ್ಳುಗಾರರೆನ್ನಲು ನಾನು ತಯಾರಿಲ್ಲ. ಅವರ ದೇಹ ನನ್ನ ಹತ್ತಿರವಿಲ್ಲ.

"ಈಗಲೇ ಆ ಮಾತ್ರೆ ನಿಲ್ಲಿಸು. ಒಬ್ಬ ಡಾಕ್ಟರಿಗೆ ಸುಳ್ಳಿಲ್ಲದೆ ಎಲ್ಲವನ್ನೂ ಹೇಳಿ ತೋರಿಸಿಕೋ. ಸಕ್ಕರೆ, ಥೈರಾಯ್ಡ್ ಎಲ್ಲ ಪರೀಕ್ಷೆಯಾಗಲಿ" ಎಂದೆ. "ಸೋಮವಾರ ನಾನೂ ಬರಲೇ? ಇದು ನಿನ್ನ ಗುಟ್ಟು. ನೀನು ಹೂಂ ಅಂದರೆ ಮಾತ್ರ ಬಾಯಿ ಬಿಡುತ್ತೇನೆ."

ಅವನು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. "ಗುಟ್ಟು ಇನ್ನೆಲ್ಲುಳೀತು? ಬನ್ನಿ."

ಸೋಮವಾರ ರಜೆ ಕೇಳಿದಾಗ ಮಾಲೀಕರಿಗೆ ಕಾರಣ ಹೇಳಲೇಬೇಕಾಯಿತು. ಅವರು ಕೆಟ್ಟವರಲ್ಲ, ಹೆದರಿದವರು.

"ನಮ್ಮ ಅಂಗಡಿ ಮಾತ್ರೆಯಿಂದ ಹಿಂಗಾಯ್ತು ಅಂತ ಊರ ಮುಂದೆ ನಿಂತು ನೀವೇ ಹೇಳ್ತೀರಾ? ನಾಳೆಯಿಂದ ಇಲ್ಲಿಗೆ ಯಾರ್ರೀ ಬರ್ತಾರೆ? ಆ ಡಾಕ್ಟ್ರು ಏನಂದ್ಕೊಳ್ತಾರೆ?"

"ಡಾಕ್ಟರ ಹೆಸರು ಎತ್ತುವುದಿಲ್ಲ. ನನ್ನ ಹೆಸರು ಎತ್ತುತ್ತೇನೆ."

"ಹೋದ್ರೆ ಮಂಗಳವಾರದಿಂದ ಬರ್ಲೇಬೇಡಿ."

ಸೋಮವಾರ ಬೀರೂರಿನಲ್ಲಿ ಬಸ್ಸು ಬದಲಿಸಿ, ಅಜ್ಜಂಪುರದ ಮೇಲೆ ಬುಕ್ಕಾಂಬುಧಿಗೆ ಹೋದೆ. ಸವಿತಾಳ ತಂದೆ ಪರಮೇಶ್ವರಪ್ಪನವರ ಮನೆಯ ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಓಂಕಾರಿ ಕಂಬಕ್ಕೊರಗಿ ತಲೆ ತಗ್ಗಿಸಿದ್ದ. ಪಕ್ಕದಲ್ಲಿ ಸಿದ್ದರಾಮಣ್ಣ. ನನ್ನ ಪರಿಚಯ ಹೇಳಿಕೊಂಡ ಕೂಡಲೆ ಪರಮೇಶ್ವರಪ್ಪನವರ ಹುಬ್ಬು ಗಂಟಿಕ್ಕಿತು.

"ಔಷಧಿ ಅಂಗಡಿಯವ್ರಿಗೆ ನಮ್ಮನೆ ಪಂಚಾಯ್ತೀಲಿ ಏನ್ರೀ ಕೆಲ್ಸ?"

"ತಪ್ಪು ಮಾಡಿದವನು ಪಂಚಾಯ್ತಿಗೆ ಬರಬೇಕಲ್ವಾ ಯಜಮಾನ್ರೇ? ಅದಕ್ಕೇ ಬಂದಿದ್ದೀನಿ."

ಇದ್ದುದನ್ನು ಇದ್ದಂತೆ ಹೇಳಿದೆ. ಯಾವ ಮಾತ್ರೆ, ಎಷ್ಟು, ನಾನು ಎಲ್ಲಿ ತಪ್ಪಿದೆ, ಎಲ್ಲವನ್ನೂ. ಮೂಲೆಯಲ್ಲಿದ್ದ ಒಬ್ಬ ಹಿರಿಯರು ಎಲೆಗೆ ಸುಣ್ಣ ಸವರುತ್ತಾ ನಕ್ಕರು.

"ಅಲ್ಲಯ್ಯ, ತಲೆಗೆ ಅಂತ ನುಂಗಿದ್ದು ಅಷ್ಟು ಕೆಳಗೆ ಯಾಕಿಳೀತು?"

ಜಗುಲಿಯೆಲ್ಲ ನಕ್ಕಿತು. ಓಂಕಾರಿ ಇನ್ನಷ್ಟು ಕುಗ್ಗಿದ. ನನಗೆ ರೇಗಿತು.

"ಮಾತ್ರೆಗೆ ವಿಳಾಸ ಬರೆದಿರುವುದಿಲ್ಲ ಅಜ್ಜಾರೇ. ನುಂಗಿದ್ದು ಮೈಗೆಲ್ಲ ಹೋಗುತ್ತೆ. ಗಂಡಸಿನ ಮೈಯಲ್ಲಿ ಒಂದು ರಸ ಇದೆ. ಹರೆಯದವರ ಕೂದಲು ತೆಳುಮಾಡೋದೂ ಅದೇ, ವಯಸ್ಸಾದ ಮೇಲೆ ಮೂತ್ರದ ದಾರಿ ಬಿಗಿಮಾಡೋದೂ ಅದೇ. ಈ ಮಾತ್ರೆ ಅದನ್ನ ತಗ್ಗಿಸುತ್ತೆ. ತಗ್ಗಿಸಿದಾಗ ಕೆಲವರಿಗೆ ಹಿಂಗಾಗುತ್ತೆ. ಇವನು ಅದನ್ನ ಐದರಷ್ಟು ನುಂಗಿದ್ದಾನೆ. ಇದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದರೆ ಇದನ್ನು ನಿಲ್ಲಿಸಿ ನೋಡದೆ ಇವನು ಗಂಡಸಲ್ಲ ಅಂತ ಆಣೆ ಮಾಡೋಕೆ ನಿಮಗೂ ಆಗಲ್ಲ."

ನಗು ನಿಂತಿತು. ಆಗ ಒಳಬಾಗಿಲ ಹಿಂದಿನಿಂದ ಸವಿತಾ ಹೊರಗೆ ಬಂದಳು. ಹಿರಿಯರ ಮುಂದೆ ಬರುವ ರೂಢಿ ಆ ಮನೆಯಲ್ಲಿರಲಿಲ್ಲ. "ಒಳಗೋಗಮ್ಮ" ಎಂದ ತಂದೆಯ ಕಡೆ ಅವಳು ನೋಡಲೂ ಇಲ್ಲ.

"ಯಾವ ಮಾತ್ರೆ ಸಾರ್? ಮಾವಂದಾ? ಹಾಲಿನ ಲೋಟದ ಪಕ್ಕ ಇಡ್ತಿದ್ದುದಾ?"

"ಹೌದಮ್ಮ."

"ಅದನ್ನ ದಿನಾ ನಾನೇ ಅಡಕತ್ತರೀಲಿ ಕತ್ತರಿಸಿ ಕೊಡ್ತಿದ್ನಲ್ಲ! ಅಪ್ಪಂಗೆ ಪೂರ್ತಿ ನುಂಗಕ್ಕಾಗಲ್ಲ, ಎರಡು ಮಾಡು ಅಂತ ಇವ್ರು ಹೇಳಿದ್ರು." ಅವಳು ಓಂಕಾರಿಯ ಕಡೆ ತಿರುಗಿದಳು. "ಏನ್ರೀ, ನನ್ನ ಕೈಯಲ್ಲೇ ಕತ್ತರಿಸಿಕೊಂಡು ತಿಂತಿದ್ರಾ?"

ಸಿದ್ದರಾಮಣ್ಣ ಬೆರಗಾಗಿ ಮಗನನ್ನು ನೋಡಿದರು. "ಲೇ, ನಾನು ಪೂರ್ತೀನೇ ನುಂಗ್ತೀನಲ್ಲೋ, ಯಾವಾಗ ಆಗಲ್ಲ ಅಂದೆ?"

ಅಡಿಕೆ ಹೋಳು ಮಾಡುವ ಕತ್ತರಿಯಲ್ಲಿ ಮಾತ್ರೆ ಕತ್ತರಿಸಬಹುದೆಂದು ಯಾವ ಪುಸ್ತಕದಲ್ಲೂ ಇಲ್ಲ. ಕತ್ತರಿಸಬಾರದೆಂದೂ ಇಲ್ಲ. ಪುಸ್ತಕ ಬರೆದವರ ಮನೆಯಲ್ಲಿ ಅಡಕತ್ತರಿ ಇರುವುದಿಲ್ಲ. ಬಸುರಿಯರೂ ಬಸುರಿಯಾಗಲಿರುವವರೂ ಆ ಮಾತ್ರೆಯ ತುಂಡನ್ನಾಗಲಿ ಪುಡಿಯನ್ನಾಗಲಿ ಮುಟ್ಟಬಾರದು, ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ತೊಂದರೆಯಾದೀತು ಎಂಬ ಎಚ್ಚರಿಕೆ ಮಾತ್ರ ಇದೆ. ಅದನ್ನು ಅಲ್ಲಿಯೇ ಹೇಳಿದೆ. ಆ ಕತ್ತರಿಯನ್ನು ಬಿಸಿನೀರಲ್ಲಿ ತೊಳೆದಿಡಿ, ಇನ್ನು ಮುಂದೆ ಮಾವನ ಮಾತ್ರೆಯನ್ನು ಮಾವನೇ ತೆಗೆದುಕೊಳ್ಳಲಿ ಎಂದೆ. ಸವಿತಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

"ನನ್ನ ಕಂಡ್ರೆ ನಿಮಗೆ ಅಸಹ್ಯ ಅಂದ್ಕೊಂಡಿದ್ದೆ ಕಣ್ರೀ ನಾನು. ನಾಲ್ಕು ತಿಂಗಳು. ಕನ್ನಡಿ ಮುಂದೆ ನಿಂತು, ನಂದೇನು ಕೆಟ್ಟದಾಗಿದೆ ಅಂತ ಹುಡುಕ್ತಿದ್ದೆ. ಒಂದು ಮಾತು ಹೇಳಕ್ಕೆ ಏನಾಗಿತ್ತು?"

ಓಂಕಾರಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ನಾಚ್ಕೆ ಕಣೇ" ಎಂದ.

ಹಿರಿಯರು ಯುಗಾದಿಯವರೆಗೆ ಕಾಯುವುದೆಂದು ತೀರ್ಮಾನಿಸಿದರು. ಪರಮೇಶ್ವರಪ್ಪನವರಿಗೆ ಅದು ಹಿಡಿಸಲಿಲ್ಲ. ಮಗಳು ಕಾಯುತ್ತೇನೆಂದಾಗ ಸುಮ್ಮನಾದರು. ಅಂದೇನೂ ಅವಳು ಗಂಡನ ಜೊತೆ ಹೊರಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ಇನ್ನೂ ಹದಿನೈದು ದಿನ ಇಲ್ಲೇ ಇರುತ್ತೇನೆ ಎಂದಳು. ನ್ಯಾಯವೆನಿಸಿತು.

ಮಂಗಳವಾರ ಎಂದಿನ ಹೊತ್ತಿಗೆ ಹೋಗಿ ನಾನೇ ಷಟರ್ ಎತ್ತಿದೆ. ಮಾಲೀಕರು ಬಂದು, ನನ್ನನ್ನು ನೋಡಿ, ಗೋಡೆಯ ಮೇಲಿನ ಪ್ರಮಾಣಪತ್ರವನ್ನು ನೋಡಿ, ಒಳಗೆ ಹೋಗಿ ಕುಳಿತರು. ಆ ವಾರವೇ ಅಡ್ಡಪರಿಣಾಮ ತಿಳಿಸುವ ಸರ್ಕಾರಿ ನಮೂನೆಯನ್ನು ತುಂಬಿ ಕಳಿಸಿದೆ. ಆ ನಮೂನೆಯೊಂದು ಇದೆಯೆಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅಪರೂಪವೆಂದು ಹೇಳುವವರು ಯಾರು ಎಣಿಸಿದ್ದನ್ನು ನೋಡಿ ಹೇಳುತ್ತಾರೆ? ನೀವು ಬರೆದು ಕಳಿಸದಿದ್ದರೆ ಎಲ್ಲವೂ ಅಪರೂಪವೇ. ಕೂದಲಿನ ಮಾತ್ರೆ ಕೊಡುವಾಗ ಎಲ್ಲರಿಗೂ ಕೇಳಿಸುವಂತಲ್ಲ, ಆದರೆ ಅವನಿಗೆ ಸ್ಪಷ್ಟವಾಗಿ ಕೇಳಿಸುವಂತೆ ನಾಲ್ಕು ಮಾತು ಹೇಳುವ ರೂಢಿಯನ್ನು ಅಂದಿನಿಂದ ಇಟ್ಟುಕೊಂಡೆ. ಕೆಲವರು ಮಾತ್ರೆ ಬಿಟ್ಟು ಹೋದರು. ಬಹಳ ಜನ ಕೇಳಿಸಿಕೊಂಡು ಕೊಂಡರು. ಎರಡೂ ಅವರ ಇಷ್ಟ.

ಓಂಕಾರಿ ಒಂದೇ ವಾರದಲ್ಲಿ ಸರಿಹೋಗಲಿಲ್ಲ. ಮೊದಲ ಎರಡು ತಿಂಗಳು ನಾನೂ ಹೆದರಿದ್ದೆ. ಡಾಕ್ಟರ ಪರೀಕ್ಷೆಗಳಲ್ಲಿ ಬೇರೆ ದೋಷ ಕಾಣಲಿಲ್ಲ. ನಿಧಾನವಾಗಿ ಅವನ ಮಾತಿನಲ್ಲಿ ಹಳೆಯ ಹಾಸ್ಯ ಮರಳಿತು. ಮಾತ್ರೆ ನಿಂತದ್ದರಿಂದ ಸರಿಹೋಯಿತೋ, ಗುಟ್ಟು ಒಡೆದದ್ದರಿಂದ ಸರಿಹೋಯಿತೋ, ಎಷ್ಟು ಪಾಲು ಯಾವುದಕ್ಕೆ ಎಂದು ಹೇಳಬಲ್ಲೆನೆನ್ನುವ ವಿದ್ವಾಂಸರನ್ನು ನಾನು ನಂಬುವುದಿಲ್ಲ.

ಯುಗಾದಿ ಕಳೆದು, ಮಳೆಗಾಲವೂ ಮುಗಿದ ಮೇಲೆ ಒಂದು ದಿನ ಗಂಡ ಹೆಂಡತಿ ಒಟ್ಟಿಗೆ ಅಂಗಡಿಯ ಮೆಟ್ಟಿಲು ಹತ್ತಿದರು. ಓಂಕಾರಿಯ ನೆತ್ತಿ ಪೂರ್ತಿ ಬಯಲಾಗಿತ್ತು, ಟೋಪಿ ಇರಲಿಲ್ಲ. ಮನೆಯೊಳಗಿನ ಸಂಗತಿಯನ್ನು ನಾನು ಕೇಳಲಿಲ್ಲ. ಸವಿತಾ ಕೊಟ್ಟ ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿ ಕಬ್ಬಿಣದ ಮಾತ್ರೆ, ಫೋಲಿಕ್ ಆಸಿಡ್ ಬರೆದಿತ್ತು. ಔಷಧಿ ಅಂಗಡಿಯವನಿಗೆ ಅಷ್ಟು ಓದಲು ಬರುತ್ತದೆ.

ಅವರಿಗಿಂತ ಮೊದಲೇ ಬಂದ ಯುವಕನೊಬ್ಬ ಫೋನಿನಲ್ಲಿದ್ದ ಮಾತ್ರೆಯ ಚಿತ್ರವನ್ನು ಅಂಗೈಯಲ್ಲಿ ಮರೆಮಾಡಿ ನನಗೆ ತೋರಿಸುತ್ತಿದ್ದ. ಚೀಟಿ ಎಲ್ಲಿ ಎಂದು ನಾನು ಕೇಳುವಷ್ಟರಲ್ಲಿ ಓಂಕಾರಿ ಇಣುಕಿ ನೋಡಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದ:

"ಓಹ್, ಕೂದ್ಲಿಂದಾ? ನಾನೂ ತಿಂದಿದ್ದೆ ಕಣಣ್ಣ. ಇಲ್ಲಿ ಬರ್ಲೂ ಇಲ್ಲ," ಎಂದು ನೆತ್ತಿ ತಟ್ಟಿಕೊಂಡ, "ಬೇರೆ ಕಡೆ ಇದ್ದುದೂ ಹೋಗಿತ್ತು."

ಯುವಕನ ಕಿವಿ ಕೆಂಪಾಯಿತು. ಸವಿತಾ ಗಂಡನ ತೋಳಿಗೆ ಚಿವುಟಿ, ಯುವಕನ ಕಡೆ ತಿರುಗಿದಳು.

"ಮದ್ವೆ ಆಗಿದ್ಯಾ ನಿಮಗೆ?"

"ಹ್ಞೂಂ."

"ಅವ್ರಿಗೆ ಹೇಳಿದ್ದೀರಾ?"

ಅವನು ಫೋನನ್ನು ಜೇಬಿಗಿಟ್ಟುಕೊಂಡು, "ಡಾಕ್ಟ್ರಿಗೆ ತೋರಿಸ್ಕೊಂಡೇ ಬತ್ತೀನಿ" ಎಂದು ಮೆಟ್ಟಿಲಿಳಿದ. ರಸ್ತೆ ದಾಟಿ ಬಸ್ ನಿಲ್ದಾಣದ ಗೋಡೆಯ ಪಕ್ಕ ನಿಂತ. ಸ್ವಲ್ಪ ಹೊತ್ತು ಬಿಟ್ಟು ಫೋನನ್ನು ಮತ್ತೆ ಹೊರತೆಗೆದ. ಒಂದು ಕಿವಿಗೆ ಅದನ್ನಿಟ್ಟು, ಬಸ್ಸುಗಳ ಗದ್ದಲಕ್ಕೆ ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡ.

"ಹೋಯ್ತಲ್ಲ ಗಿರಾಕಿ" ಎಂದರು ಮಾಲೀಕರು.

"ಇರಲಿ ಬಿಡಿ, ಮಾತಾಡ್ತಿದ್ದಾನೆ" ಎಂದೆ.